ಕೃಪಮ್ಮನನ್ನು ಕರೆತರಲು ಹೋದ ಭಾನುವಾರ

೧೯೪೩ನೇ ಇಸವಿಯ ಕಾರ್ತಿಕ ಮಾಸ. ಬಿ.ಎ. ಪರೀಕ್ಷೆಯಲ್ಲಿ ಎರಡನೇ ಸಲವೂ ನಪಾಸಾಗಿ, ಮಂಡ್ಯ ಸೀಮೆಯ ಹೊಳಲಿನ ಪಕ್ಕದ ನಮ್ಮ ಹಳ್ಳಿಗೆ ಹಿಂತಿರುಗಿದ ನಾನು ಐದು ತಿಂಗಳಿಂದ ಮನೆಯಲ್ಲೇ ಕೂತಿದ್ದೆ. ಕೂತಿದ್ದೆ ಅನ್ನುವುದು ಬರೀ ಮಾತಿಗಲ್ಲ. ಅಪ್ಪ ತೀರಿಕೊಂಡ ಮೇಲೆ ಗದ್ದೆ, ಕಬ್ಬು ಎಲ್ಲವನ್ನೂ ಅಣ್ಣ ಬೋರೇಗೌಡನೇ ನೋಡಿಕೊಳ್ಳುತ್ತಿದ್ದ. ನಾನು ಜಗಲಿಯ ಕಂಬಕ್ಕೆ ಒರಗಿ, ದಾರಿಯಲ್ಲಿ ಹೋಗುವವರನ್ನು ಕರೆದು, ಯುದ್ಧದ ಬಗ್ಗೆಯೋ ದೇವರ ಬಗ್ಗೆಯೋ ವಾದಕ್ಕೆ ಎಳೆಯುತ್ತಿದ್ದೆ. ಮೈಸೂರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಎಂದರೆ ನನ್ನದೇ ಹೆಸರು. ಪರ ಕೊಟ್ಟರೂ ಸರಿ, ವಿರೋಧ ಕೊಟ್ಟರೂ ಸರಿ, ಗೆದ್ದು ಬರುತ್ತಿದ್ದೆ. ನಮ್ಮೂರಿನವರು ಒಂದೆರಡು ತಿಂಗಳು ಕೇಳಿದರು. ಆಮೇಲೆ ನಮ್ಮ ಜಗಲಿ ತಪ್ಪಿಸಿ ಹಿತ್ತಲ ದಾರಿ ಹಿಡಿದರು. ಮತ್ತೆ ಪರೀಕ್ಷೆಗೆ ಕಟ್ಟುವ ಧೈರ್ಯವಿರಲಿಲ್ಲ, ನೇಗಿಲು ಹಿಡಿಯುವ ಮನಸ್ಸಿರಲಿಲ್ಲ. ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಎದೆಯ ಮೇಲೆ ಒಂದು ಭಾರ ಬಂದು ಕೂರುತ್ತಿತ್ತು. ಮಲಗುವವರೆಗೂ ಅದು ಏಳುತ್ತಿರಲಿಲ್ಲ.

ನಾಲೆಯ ಆಚೆ, ಎರಡು ಮೈಲಿ ದೂರದ ಊರಿನಲ್ಲಿ ಕೃಪಮ್ಮ ಎಂಬ ಕ್ರೈಸ್ತ ನರ್ಸಮ್ಮ ಇದ್ದರು. ಮಳವಳ್ಳಿ ಕಡೆಯವರು. ಗಂಡ ಶಿವನಸಮುದ್ರದಲ್ಲಿ ಕೆಲಸದಲ್ಲಿದ್ದಾಗ ಜ್ವರ ಬಂದು ತೀರಿಕೊಂಡಿದ್ದರು. ಆಮೇಲೆ ಈಕೆ ಹೆರಿಗೆ ಮಾಡಿಸುವುದನ್ನು ಕಲಿತು ಇಲ್ಲಿಗೆ ಬಂದಿದ್ದರು. ಸುತ್ತಲ ಏಳೆಂಟು ಹಳ್ಳಿಗಳಲ್ಲಿ ಕಷ್ಟದ ಹೆರಿಗೆ ಎಂದರೆ ಅವರಿಗೇ ಕರೆ. ಭಾನುವಾರ ಬೆಳಿಗ್ಗೆ ಅವರ ನಡುಮನೆಯಲ್ಲಿ ಹತ್ತು ಹನ್ನೆರಡು ಜನ ಸೇರಿ ಪ್ರಾರ್ಥನೆ ಮಾಡುತ್ತಿದ್ದರು. ಒಂದು ಭಾನುವಾರ ನಾನು ತಮಾಷೆ ನೋಡಲು ಹೋದೆ.

ಆ ಕೂಟದಲ್ಲಿ ಒಂದು ಪದ್ಧತಿ ಇತ್ತು. ಹಾಡು, ಓದು ಮುಗಿದ ಮೇಲೆ, ಮನಸ್ಸಿನಲ್ಲಿ ಏನಾದರೂ ಚುಚ್ಚುತ್ತಿದ್ದವರು ಎದ್ದು ನಿಂತು ತಾವು ಮಾಡಿದ ತಪ್ಪನ್ನು ಎಲ್ಲರೆದುರು ಹೇಳುತ್ತಿದ್ದರು. ಅಂದು ಒಬ್ಬ ರೈತ ಎದ್ದ.

"ಸುಕ್ರವಾರ ಪಕ್ಕದ ಗದ್ದೆಯವನ ಪಾಳಿ ನೀರ ನನ್ ಗದ್ದೆಗೆ ತಿರುಗುಸ್ಕಂಡೆ. ನಂದೂ ಒಣಗ್ತಿತ್ತು ಕಣವ್ವ, ಅದ್ಕೇಯ..."

"ಅಷ್ಟೇ ಸಾಕು, ಕೂತ್ಕಳಪ್ಪ," ಅಂದರು ಕೃಪಮ್ಮ. "ಮಾಡಿದ್ದ ಹೇಳು. ಯಾಕೆ ಮಾಡ್ದೆ ಅನ್ನದ ದೇವ್ರಿಗೆ ಬುಡು. ಅವ್ನಿಗೆ ಗೊತ್ತೈತೆ."

ನನಗೆ ತಡೆಯಲಾಗಲಿಲ್ಲ. ಬಾಗಿಲ ಬಳಿಯಿಂದ ಎದ್ದು, "ಆರೋಪಿಗೆ ತನ್ನ ಪರ ಹೇಳಿಕೊಳ್ಳಲು ಬಿಡದ ನ್ಯಾಯಾಲಯ ಇದೊಂದೇ ಇರಬೇಕು" ಎಂದು ಶುರು ಮಾಡಿ ಕಾಲು ಗಂಟೆ ಮಾತಾಡಿದೆ. ಯಾರೂ ಅಡ್ಡ ಬರಲಿಲ್ಲ. ಅದೇ ಹುಮ್ಮಸ್ಸಿನಲ್ಲಿ ಕೊನೆಗೆ, "ನಿಮ್ಮ ದೇವರು ಪ್ರಾರ್ಥನೆ ಕೇಳುವವನಾದರೆ ನಿಮ್ಮ ಯಜಮಾನರು ಯಾಕೆ ಉಳಿಯಲಿಲ್ಲ?" ಎಂದು ಕೇಳಿಬಿಟ್ಟೆ.

ಕೃಪಮ್ಮ ಓದುತ್ತಿದ್ದ ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟರು. "ಗೊತ್ತಿಲ್ಲಪ್ಪ. ನಾನೂ ಅವ್ನ ಕೇಳ್ತಾನೇ ಇವ್ನಿ," ಅಂದರು. ಆಮೇಲೆ, ಸಿಟ್ಟಿಲ್ಲದೆ, "ಈಗ ನೀವು ಗೆದ್ರಿ. ಗೆದ್ದು ಮನೆಗೋಗಿ ಏನ್ ಮಾಡೀರಿ?" ಎಂದು ಕೇಳಿದರು.

ನೀರು ತಿರುಗಿಸಿಕೊಂಡಿದ್ದ ರೈತ ಕಿಸಕ್ಕನೆ ನಕ್ಕ. ಉಳಿದವರೂ ನಕ್ಕರು. ಮನೆಗೆ ಹೋಗಿ ನಾನು ಮಾಡುವುದು ಏನೂ ಇರಲಿಲ್ಲವೆಂಬುದು ಸುತ್ತಲ ಎಲ್ಲ ಊರಿಗೂ ಗೊತ್ತಿತ್ತು.

ಅದಾದ ಎರಡನೇ ಭಾನುವಾರ ಅತ್ತಿಗೆ ಪುಟ್ಟತಾಯಿಗೆ ಹೆರಿಗೆ ನೋವು ಬಂತು. ಆಕೆಗೆ ಅದು ಎರಡನೇ ಹೆರಿಗೆ. ಹೊತ್ತು ಮೂಡಿ ಮೇಲೇರಿದರೂ ಮಗು ಇಳಿಯಲಿಲ್ಲ. ಊರ ಸೂಲಗಿತ್ತಿ ಹೊರಗೆ ಬಂದು, "ಇದು ನನ್ ಕೈಲಾಗದಲ್ಲ, ಆ ನರ್ಸಮ್ಮುನ್ನ ಕರ್ಸಿ" ಅಂದಳು. ಅವ್ವ ನನ್ನನ್ನು ಕೂಗಿದಳು.

"ಲೋ ನಂಜ, ಸೈಕಲ್ ತಗಂಡು ಓಗ್ಲಾ. ಬಿರ್ನೆ ಕರ್ಕಂಡ್ ಬಾ. ದಾರೀಲಿ ಎಲ್ಲೂ ನಿಂತ್ಕಂಡು ಬಾಸಣ ಬಿಗೀಬ್ಯಾಡ."

ಹೋದೆ. ನಾಲೆಯ ಸೇತುವೆಯಿಂದ ಕೃಪಮ್ಮನ ಮನೆ ನೂರು ಹೆಜ್ಜೆ. ಒಳಗಿನಿಂದ ಹಾಡು ಕೇಳಿಸಿತು. ಭಾನುವಾರ ಎಂಬುದು ಆಗ ನೆನಪಾಯಿತು. ಅಂದು ನಕ್ಕವರೆಲ್ಲ ಒಳಗೇ ಇರುತ್ತಾರೆ. ದೇವರ ಮೇಲೆ ಅಷ್ಟು ಮಾತಾಡಿ ಹೋದವನು ಈಗ ಬಾಗಿಲಲ್ಲಿ ಕೈಕಟ್ಟಿ ನಿಂತು, ಅಮ್ಮಾ ಬನ್ನಿ, ಎಂದು ಕರೆಯಬೇಕು. ಹಾಡು ಮುಗಿಯಲಿ ಎಂದು ಸೇತುವೆಯ ಕಟ್ಟೆಯ ಮೇಲೆ ಕೂತೆ. ಹಾಡು ಮುಗಿದು ಓದು ಶುರುವಾಯಿತು. ಅದೂ ಮುಗಿಯಲಿ ಎಂದುಕೊಂಡೆ. ಮನೆಯಲ್ಲಿ ಸೂಲಗಿತ್ತಿ ಇದ್ದೇ ಇದ್ದಾಳೆ, ಎರಡನೇ ಹೆರಿಗೆಗೆ ಅಷ್ಟು ಭಯವಿಲ್ಲ, ಹತ್ತು ನಿಮಿಷದಲ್ಲಿ ಏನು ಮುಳುಗಿಹೋಗುತ್ತದೆ, ಹೀಗೆ ಕಾರಣಗಳು ಒಂದರ ಬೆನ್ನಿಗೆ ಒಂದು ಬಂದವು. ಕಾರಣ ಹುಡುಕುವುದರಲ್ಲಿ ನಾನು ಎಂದೂ ಸೋತವನಲ್ಲ. ಹತ್ತು ನಿಮಿಷ ಒಂದು ಗಂಟೆಯಾಯಿತು. ಜನ ಹೊರಗೆ ಬಂದಾಗ ಸೈಕಲ್ ತಳ್ಳಿಕೊಂಡು ಪೊದೆಯ ಮರೆಗೆ ಸರಿದೆ. ಅವರೆಲ್ಲ ಹೋದ ಮೇಲೆ ಹೋಗಿ ನೋಡಿದರೆ ಮನೆಗೆ ಬೀಗ. ಯಾರೋ ಗಾಡಿ ತಂದು ಕೃಪಮ್ಮನನ್ನು ಮದ್ದೂರಿನ ಕಡೆಗೆ ಇನ್ನೊಂದು ಹೆರಿಗೆಗೆ ಕರೆದುಕೊಂಡು ಹೋಗಿದ್ದಾರೆಂದು ಪಕ್ಕದ ಮನೆಯವರು ಹೇಳಿದರು.

ನಾನು ಮನೆ ಮುಟ್ಟುವ ಹೊತ್ತಿಗೆ ಸೂಲಗಿತ್ತಿ ಹೇಗೋ ಮಗುವನ್ನು ಎಳೆದು ತೆಗೆದಿದ್ದಳು. ಗಂಡು ಮಗು, ಬದುಕಿತ್ತು. ಅತ್ತಿಗೆಯ ಮುಖದಲ್ಲಿ ಮಾತ್ರ ರಕ್ತವೇ ಇಲ್ಲವೆಂದು ಅವ್ವ ಅಳುತ್ತಿದ್ದಳು. ಅಣ್ಣ ಅಂಗಳದಲ್ಲೇ ನನ್ನ ರಟ್ಟೆ ಹಿಡಿದ.

"ಎಲ್ಲಾ ಆ ನರ್ಸಮ್ಮ?"

"ಪ್ರಾರ್ಥನೇಲಿ ಕೂತಿದ್ರು. ಮುಗಿಯೋಗಂಟ ಏಳಾಕಿಲ್ಲ ಅಂದ್ರು," ಅಂದೆ.

ಒಂದು ಕ್ಷಣವೂ ಯೋಚಿಸದೆ ಬಂದ ಮಾತು. ಚೆನ್ನಾಗಿ ಕಟ್ಟಿದ ಸುಳ್ಳು ಹೇಗಿರಬೇಕೋ ಹಾಗೇ ಇತ್ತು. ಭಾನುವಾರ ಪ್ರಾರ್ಥನೆ ನಡೆಯುವುದು ಎಲ್ಲರಿಗೂ ಗೊತ್ತು, ಯಾರು ಅನುಮಾನಿಸುತ್ತಾರೆ?

"ಇಲ್ಲಿ ಜೀವ ಓಗ್ತಿದ್ರೂ ಅವ್ಳಿಗೆ ಅವ್ಳ ದ್ಯಾವ್ರೇ ಎಚ್ಚಾ? ಇನ್ ಮ್ಯಾಲೆ ಅವ್ಳು ಈ ವಸ್ತಿಲು ತುಳುದ್ರೆ ಕೇಳು," ಅಂದ ಅಣ್ಣ. ಸಂಜೆಯೊಳಗೆ ಆ ಮಾತು ಊರೆಲ್ಲ ಸುತ್ತಿ ನಾಲೆಯಾಚೆಗೂ ಹೋಯಿತು.

ಮೂರನೇ ದಿನ ಅತ್ತಿಗೆಗೆ ಚಳಿಜ್ವರ ಹಿಡಿಯಿತು. ಮೂರು ಕಂಬಳಿ ಹೊದಿಸಿದರೂ ಹಲ್ಲು ಕಟಕಟಿಸುವುದು ಹೊರಗೆ ಜಗಲಿಗೆ ಕೇಳಿಸುತ್ತಿತ್ತು. ಕೂಸಿಗೆ ಹಾಲಿಲ್ಲದೆ ಪಕ್ಕದ ಮನೆಯ ಹೆಂಗಸು ಬಂದು ಕುಡಿಸುತ್ತಿದ್ದಳು. ಸರ್ಕಾರಿ ಡಾಕ್ಟರು ಕಾಲರಾ ಚುಚ್ಚುಮದ್ದಿಗೆಂದು ಮಳವಳ್ಳಿ ಕಡೆ ಹೋಗಿದ್ದರು. ಮಂಡ್ಯದ ಆಸ್ಪತ್ರೆಗೆ ಕರೆದೊಯ್ಯೋಣ ಎಂದೆ. ಹನ್ನೊಂದು ದಿನವಾಗುವ ಮೊದಲು ಬಾಣಂತಿ ಹೊಸ್ತಿಲು ದಾಟಬಾರದು ಎಂದು ಅವ್ವ, ಸೂಲಗಿತ್ತಿ ಇಬ್ಬರೂ ನನ್ನ ಬಾಯಿ ಮುಚ್ಚಿಸಿದರು. ಗಾಳಿ ಸೋಕಿದೆಯೆಂದು ತಡೆ ಒಡೆಸಿದರು, ಕಷಾಯ ಕುಡಿಸಿದರು. ಜ್ವರ ಏರುತ್ತಲೇ ಇತ್ತು.

ನಾಲ್ಕನೇ ದಿನ, ಸುದ್ದಿ ಕೇಳಿ ಕೃಪಮ್ಮ ತಾವಾಗಿಯೇ ಬಂದರು. ಕೈಯಲ್ಲಿ ಕರೀ ಚೀಲ. ಅಣ್ಣ ಅಂಗಳದ ಬಾಗಿಲಿಗೆ ಅಡ್ಡ ನಿಂತ.

"ಕರದಾಗ ಬರ್ನಿಲ್ಲ, ಕರೀದೆ ಇರುವಾಗ ಬತ್ತೀಯ. ಒರಡು."

"ಯಾವಾಗ ಕರುದ್ರಪ್ಪ?"

"ಭಾನ್ವಾರ ಇವನ್ನ ಕಳ್ಸಿದ್ವಲ್ಲ." ಅಣ್ಣ ನನ್ನ ಕಡೆ ಕೈ ತೋರಿಸಿದ.

ಕೃಪಮ್ಮ ನನ್ನ ಕಡೆ ತಿರುಗಿದರು. ನಾನು ದನ ಕಟ್ಟುವ ಗೊಂತಿನ ಬಳಿ ಬಗ್ಗಿ, ಎತ್ತಿನ ಹಗ್ಗದಲ್ಲಿ ಇಲ್ಲದ ಗಂಟನ್ನು ಬಿಡಿಸುತ್ತಿದ್ದೆ. "ಒಂದ್ಸಲ ಕೈ ಮುಟ್ಟಿ ನೋಡ್ಕಂಡ್ ಓಯ್ತೀನಿ," ಎಂದು ಮಾತ್ರ ಕೇಳಿಕೊಂಡರು. ಅಣ್ಣ ಒಪ್ಪಲಿಲ್ಲ.

ಐದನೇ ದಿನ ಬೆಳಿಗ್ಗೆ ಅತ್ತಿಗೆ ಸಂಬಂಧವಿಲ್ಲದ ಮಾತಾಡತೊಡಗಿದರು. ಹೆತ್ತ ಕೂಸನ್ನು ತೋರಿಸಿದರೆ, ಇದು ಯಾರ ಮಗು, ಎಂದು ಕೇಳಿದರು. ನಾನು ಯಾರಿಗೂ ಹೇಳದೆ ಸೈಕಲ್ ಹತ್ತಿದೆ.

ಕೃಪಮ್ಮ ಒಬ್ಬರೇ ಕೂತು ಅಕ್ಕಿ ಆರಿಸುತ್ತಿದ್ದರು. ಭಾನುವಾರದ ನಂತರ ಅವರನ್ನು ಯಾರೂ ಕರೆದಿರಲಿಲ್ಲ. ನಾನು ನಿಂತೇ ಹೇಳಿದೆ, "ಔಷಧಿ ಕೊಡಿ. ಅಣ್ಣನಿಗೆ ಗೊತ್ತಾಗದ ಹಾಗೆ ಕುಡಿಸ್ತೀನಿ."

"ನೋಡ್ದೆ ಹೆಂಗ್ ಕೊಡ್ಲಪ್ಪ? ಒಳಗೆ ಮಾಸೇನಾದ್ರೂ ಉಳ್ಕಂಡೈತೋ ಏನೋ. ಇನ್ನೆರಡು ದಿನ ಬುಟ್ರೆ ನನ್ನಿಂದ್ಲೂ ಆಗಕಿಲ್ಲ, ಆಸ್ಪತ್ರೆಯವ್ರಿಂದ್ಲೂ ಆಗಕಿಲ್ಲ."

"ಅಣ್ಣ ನಿಮ್ಮನ್ನು ಒಳಗೆ ಬಿಡಲ್ಲ."

"ಯಾಕೆ ಬುಡಲ್ಲ ಅಂತ ನಿಮ್ಗೂ ಗೊತ್ತು, ನನ್ಗೂ ಗೊತ್ತು." ಅವರು ಮೊರ ಕೆಳಗಿಟ್ಟರು. "ಸೇತುವೆ ಮ್ಯಾಲೆ ನೀವು ಕೂತಿದ್ದು ಕಿಟಕೀಲಿ ಕಾಣ್ತಿತ್ತು. ಒಳೀಕೆ ಬರಾಕೆ ನಾಚ್ಕೆ ಏನೋ ಅನ್ಕಂಡೆ. ಎದ್ ಬಂದು ಒಂದ್ ಮಾತು ಕೇಳ್ಬೋದಾಗಿತ್ತು. ಓದೋ ಮಧ್ಯ ಯಾಕೆ ಏಳದು ಅಂತ ಸುಮ್ಕಾದೆ. ಅದು ನನ್ ತಪ್ಪು. ಬರೋ ಭಾನ್ವಾರ ಎದ್ದು ಹೇಳ್ತೀನಿ."

"ಹಾಗಿದ್ದರೆ ನಿನ್ನೆ ಅಣ್ಣನ ಮುಂದೆ ಯಾಕೆ ಹೇಳಲಿಲ್ಲ?"

"ಒಡಹುಟ್ಟಿದವ್ನ ಬುಟ್ಟು ನನ್ನ ನಂಬ್ತಿದ್ನಾ? ಜಗಳ ಆಗದು. ಒಳಗೆ ಮಲ್ಗಿರೋಳ್ಗೆ ಏನ್ ಬಂತು?"

ನಾನು ಬಾಗಿಲಿಗೆ ಒರಗಿದೆ. ಅವರು ತಮ್ಮ ಕಥೆ ಹೇಳಿದ್ದು ಆಗ. ಶಿವನಸಮುದ್ರದಲ್ಲಿ ಗಂಡನಿಗೆ ಜ್ವರ ಏರಿದಾಗ ಆತ ಡಾಕ್ಟರನ್ನು ಕರೆಸು ಎಂದಿದ್ದರಂತೆ. ಈಕೆ ತಾನಾಗಿ ಇಳಿಯುತ್ತದೆಂದು ಮೂರು ದಿನ ಕಷಾಯ ಕುಡಿಸಿದರಂತೆ.

"ಸತ್ ಮ್ಯಾಲೆ, ಅವ್ರೇ ಡಾಕ್ಟ್ರು ಬ್ಯಾಡ ಅಂದ್ರು ಅಂತ ಎಲ್ರಿಗೂ ಸುಳ್ಳೇಳ್ದೆ. ಎರಡು ವರ್ಷ ಮಳವಳ್ಳೀಲಿ ಗೋಡೆ ನೋಡ್ಕಂಡ್ ಕೂತಿದ್ದೆ. ಉಣ್ಣಕೂ ಮನ್ಸಿಲ್ಲ, ಸಾಯಾಕೂ ಧೈರ್ಯ ಇಲ್ಲ. ಒಂದಿನ ಸಭೇಲಿ ಎದ್ ನಿಂತು ಇದ್ದದ್ದ ಇದ್ದಂಗೆ ಹೇಳ್ದೆ. ನಮ್ಮತ್ತೆ ಇವತ್ತಿಗೂ ನನ್ನ ಮಾತಾಡ್ಸಲ್ಲ. ಆದ್ರೂ ಮಾರ್ನೇ ದಿನ ಎದ್ದು ನಡ್ಯಾಕಾಯ್ತು. ದೇವ್ರು ನನ್ ಕೈ ಬುಟ್ಟಿಲ್ಲ ಅಂತ ನಂಬ್ದೆ, ಅದ್ರ ಮ್ಯಾಲೆ ಈ ಕೆಲ್ಸ ಕಲ್ತೆ."

ಅಂದು ಕೂಟದಲ್ಲಿ ನಾನು ಕೇಳಿದ ಪ್ರಶ್ನೆ ಎಲ್ಲಿಗೆ ಹೋಗಿ ನಾಟಿತ್ತೆಂದು ಆಗ ತಿಳಿಯಿತು. ಆದರೂ ವಾದಿಸಿದೆ. "ನಿಮಗೆ ಕ್ಷಮಿಸುವುದಕ್ಕೆ ದೇವರಿದ್ದಾನೆ. ನಾನು ನಂಬುವವನಲ್ಲ. ನನಗೆ ಯಾರಿದ್ದಾರೆ?"

"ನೀವ್ ಈಗ್ಲೇ ನಂಬಿ ಅಂತ ನಾನೇನ್ ಕೇಳ್ನಿಲ್ಲ. ನಿಮ್ ಪಕ್ಕ ನಾನ್ ನಿಂತ್ಕತೀನಿ. ನನ್ ಪಕ್ಕ ಅವ್ನಿರ್ತಾನೆ. ಇವತ್ತಿಗೆ ಅಷ್ಟ್ರಲ್ಲೇ ನಡೀಲಿ." ಅಷ್ಟು ಹೇಳಿ ಅಲ್ಲೇ ಕಣ್ಣು ಮುಚ್ಚಿದರು. "ಸ್ವಾಮಿ, ಈ ಹುಡುಗನ ಬಾಯ್ತುಂಬ ಮಾತವೆ. ಇವತ್ತು ಮೂರೇ ಮಾತು ಸಾಕು, ಅವನ್ನ ಹೊರೀಕ್ ತಾ. ಆ ತಾಯಿನ ಉಳ್ಸು." ಕಣ್ಣು ತೆರೆದು ಕರೀ ಚೀಲ ಎತ್ತಿಕೊಂಡರು.

ಸೈಕಲ್ ತಳ್ಳಿಕೊಂಡು ಅವರ ಜೊತೆ ನಡೆದೆ. ದಾರಿಯುದ್ದಕ್ಕೂ ನನ್ನ ತಲೆ ಭಾಷಣ ಕಟ್ಟುತ್ತಿತ್ತು. ಮೊದಲು ನನ್ನ ಮನಸ್ಸಿನ ಸ್ಥಿತಿ, ಆಮೇಲೆ ಅಂದಿನ ಅವಮಾನ, ಆಮೇಲೆ ಸನ್ನಿವೇಶ. ನಡುನಡುವೆ, ಮನೆಯ ಕಡೆಯಿಂದ ಅಳು ಕೇಳಿಸಿಬಿಟ್ಟರೆ ಎಂದು ಕಿವಿಗೊಟ್ಟು ನಿಲ್ಲುತ್ತಿದ್ದೆ. ಕೇಳಿಸಲಿಲ್ಲ.

ಅಂಗಳದಲ್ಲಿ ಅಣ್ಣನ ಜೊತೆ ಅತ್ತಿಗೆಯ ತಮ್ಮ ಮರೀಗೌಡ ಕೂತಿದ್ದ. ಅಕ್ಕನಿಗೆ ಕಾಯಿಲೆಯೆಂದು ಮಳವಳ್ಳಿಯಿಂದ ಆಗ ತಾನೆ ಬಂದಿದ್ದ. ಊರ ಪಟೇಲರೂ ಇದ್ದರು. ಕೃಪಮ್ಮನನ್ನು ಕಂಡು ಅಣ್ಣ ಎದ್ದ. ಅವನು ಬಾಯಿ ತೆರೆಯುವ ಮೊದಲು ನಾನು ಮುಂದೆ ಬಂದೆ. ಕಟ್ಟಿಕೊಂಡು ಬಂದಿದ್ದ ಭಾಷಣದಲ್ಲಿ ಒಂದು ಸಾಲೂ ನೆನಪಿಗೆ ಬರಲಿಲ್ಲ.

"ಅಣ್ಣ, ಭಾನ್ವಾರ ನಾನು ಇವರ ಮನೆಗೆ ಹೋಗ್ಲಿಲ್ಲ. ಸೇತುವೆ ಮೇಲೆ ಕೂತಿದ್ದೆ. ಸುಳ್ಳು ಹೇಳ್ದೆ."

ಒಳಗೆ ಅತ್ತಿಗೆ ನರಳುತ್ತಿದ್ದುದೊಂದೇ ಕೇಳಿಸುತ್ತಿತ್ತು.

"ಯಾಕ್ಲಾ?" ಅಂದ ಅಣ್ಣ. ಬಯ್ಯುವ ದನಿಯಲ್ಲ, ಬೇಡುವ ದನಿ. ಅವನಿಗೊಂದು ಕಾರಣ ಬೇಕಿತ್ತು. ನನ್ನ ಬಳಿ ಆರು ಕಾರಣಗಳಿದ್ದವು, ಮೊದಲನೆಯದು ತುಟಿಗೂ ಬಂತು. ಪಕ್ಕದಲ್ಲಿ ಕೃಪಮ್ಮ ತಲೆ ತಗ್ಗಿಸಿ ನಿಂತಿದ್ದರು.

"ಯಾಕೆ ಅಂತ ಹೇಳಾಕಿಲ್ಲ. ಇವ್ರನ್ನ ಒಳಕ್ ಬುಡಣ್ಣ," ಅಂದೆ.

ಹೊಡೆದದ್ದು ಮರೀಗೌಡ. ನಾನು ಗೊಂತಿಗೆ ಹೋಗಿ ಬಿದ್ದೆ, ತುಟಿ ಸೀಳಿತು. ಅವನು ಮತ್ತೆ ಕೈ ಎತ್ತುವಷ್ಟರಲ್ಲಿ ಅವ್ವ ಬಾಗಿಲಿಗೆ ಬಂದಳು.

"ಅವ್ನ ಆಮ್ಯಾಕ್ ಬೇಕಾದ್ರೆ ಕೊಂದಾಕಿ. ಮೊದ್ಲು ದಾರಿ ಬುಡಿ. ಬಾ ತಾಯಿ, ಒಳೀಕ್ ಬಾ."

ಕೃಪಮ್ಮ ಒಳಗೆ ಹೋಗಿ ಅರ್ಧ ಗಂಟೆಯಲ್ಲಿ ಹೊರಗೆ ಬಂದರು. "ಗಾಡಿ ಕಟ್ರಪ್ಪ. ಮಂಡ್ಯಕ್ಕೆ, ಈಗ್ಲೇ." ಹೊಸ್ತಿಲ ಮಾತನ್ನು ಯಾರೂ ಎತ್ತಲಿಲ್ಲ. ಅಣ್ಣ ಗಾಡಿ ಹೊಡೆದ, ಕೃಪಮ್ಮ ಅತ್ತಿಗೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ನಾನು ಗಾಡಿಯ ಹಿಂದೆ ನಡೆದೆ. ಊರ ಗಡಿಯಲ್ಲಿ ಅಣ್ಣ ತಿರುಗಿ ನೋಡದೆಯೇ ಹೇಳಿದ, "ಮನೆಗೋಗು. ದನಕ್ಕೆ ನೀರಿಲ್ಲ."

ಒಂಬತ್ತು ದಿನ ಅತ್ತಿಗೆ ಇಂದೋ ನಾಳೆಯೋ ಎಂಬಂತಿದ್ದರು. ಆ ಒಂಬತ್ತು ದಿನವೂ ನಾನು ದನ ನೋಡಿದೆ, ಗದ್ದೆಗೆ ನೀರು ಕಟ್ಟಿದೆ, ಮಂಡ್ಯದ ರಸ್ತೆಯಲ್ಲಿ ಯಾರು ಬಂದರೂ ಓಡಿಹೋಗಿ ಸುದ್ದಿ ಕೇಳಿದೆ. ಒಂದು ಸಂಜೆ ಕೊಟ್ಟಿಗೆಯಲ್ಲಿ ನನ್ನಷ್ಟಕ್ಕೆ ನಾನೇ, "ನೀನು ಇರುವುದಾದರೆ ಕೇಳಿಸಿಕೋ" ಎಂದು ಶುರು ಮಾಡಿದೆ. ಅದರಲ್ಲೂ ಷರತ್ತು ಹಾಕುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು. "ಅತ್ತಿಗೆ ಉಳೀಲಿ," ಎಂದಷ್ಟೇ ಹೇಳಿ ನಿಲ್ಲಿಸಿದೆ. ನನ್ನ ಜೀವನದ ಮೊದಲ ಪ್ರಾರ್ಥನೆ ಅದು. ಹತ್ತನೇ ದಿನ ಜ್ವರ ಇಳಿಯಿತು.

ಇನ್ನೊಂದು ಕೆಲಸ ಬಾಕಿ ಇತ್ತು. ಕೃಪಮ್ಮ ಮಂಡ್ಯದಿಂದ ಬಂದ ದಿನವೇ ಅದನ್ನು ಹೇಳಿದರು. "ಆ ಸುಳ್ಳು ಎಷ್ಟ್ ಮನೆಗೋಗೈತೋ ಅಷ್ಟ್ ಮನೆಗೂ ನೀವ್ ಓಗ್ಬೇಕಪ್ಪ." ಹೋದೆ. ನಮ್ಮೂರಿನ ಒಂದೊಂದು ಮನೆಯ ಜಗಲಿಗೂ, ನಾಲೆಯಾಚೆಯ ಊರಿಗೂ. ಕೆಲವರು ಮುಖ ತಿರುಗಿಸಿದರು, ಕೆಲವರು ಉಗಿದರು. ಒಬ್ಬ ಮುದುಕಿ ಮಾತ್ರ ಎಲೆ ಅಡಿಕೆ ಕುಟ್ಟುತ್ತಾ, "ಸುಳ್ಳೇಳಕ್ ಮೈಸೂರ್ಗಂಟ ಓಗಿ ಓದ್ಬೇಕಾಗಿತ್ತೇನ್ಲಾ? ನಮ್ ಐಕ್ಳು ಇಲ್ಲೇ ಕಲ್ತವೆ," ಅಂದಳು. ಕೃಪಮ್ಮನಿಗೆ ಮತ್ತೆ ಕರೆ ಬರತೊಡಗಿತು. ಇಡೀ ತಾಲ್ಲೂಕಿನ ಮುಂದೆ ತಲೆ ತಗ್ಗಿಸಿದವನಿಗೆ ಇನ್ನು ಪರೀಕ್ಷೆಯಲ್ಲಿ ಮೂರನೇ ಸಲ ನಪಾಸಾದರೆ ಎಂಬ ಭಯ ದೊಡ್ಡದಾಗಿ ಕಾಣಲಿಲ್ಲ. ಮತ್ತೆ ಕಟ್ಟಿದೆ, ಪಾಸಾಯಿತು. ಮಳವಳ್ಳಿಯ ಶಾಲೆಯೊಂದರಲ್ಲಿ ಮೇಷ್ಟ್ರಾದೆ.

ಊರಿಗೆ ಬಂದ ಭಾನುವಾರ ಕೃಪಮ್ಮನ ನಡುಮನೆಯಲ್ಲಿ ಕೂರುತ್ತೇನೆ. ದೀಕ್ಷಾಸ್ನಾನ ಪಡೆದಿಲ್ಲ; ನನ್ನ ಪ್ರಶ್ನೆಗಳು ಇನ್ನೂ ಮುಗಿದಿಲ್ಲ, ಅವರೂ ಅವಸರ ಮಾಡುವುದಿಲ್ಲ. ಆದರೆ ಪ್ರಾರ್ಥನೆ ಮಾಡುತ್ತೇನೆ. ಮೂರು ಸಲ ಎದ್ದು ನಿಂತು ತಪ್ಪು ಒಪ್ಪಿಕೊಂಡಿದ್ದೇನೆ.

ಅಣ್ಣ ಆರು ತಿಂಗಳು ಮಾತಾಡಿಸಲಿಲ್ಲ. ಆಮೇಲೂ ಬೇಕಾದಷ್ಟೇ ಮಾತು. ಅತ್ತಿಗೆ ಆ ವಿಷಯವನ್ನು ಒಂದು ಸಲವೂ ಎತ್ತಲಿಲ್ಲ. ನನಗೆ ಅದೇ ಹೆಚ್ಚು ಹೆದರಿಕೆ. ಹೋದ ವರ್ಷ, ಬೇಸಿಗೆ ರಜೆಗೆ ನಾನು ಊರಿನಲ್ಲಿದ್ದಾಗ, ಆಕೆಗೆ ಮತ್ತೆ ನೋವು ಶುರುವಾಯಿತು. ಕೃಪಮ್ಮನನ್ನು ಕರೆತರಲು ಅಣ್ಣ ಆಳನ್ನು ಕೂಗಿದ. ಒಳಗಿನಿಂದ ಅತ್ತಿಗೆಯ ದನಿ ಬಂತು.

"ಆಳ್ ಬ್ಯಾಡ. ನಂಜಪ್ಪುನ್ನ ಕಳ್ಸಿ."

ಅಣ್ಣ ನನ್ನನ್ನು ನೋಡಿದ. ನಾನು ನೆಲ ನೋಡಿದೆ. ಆಕೆಯ ಮುಂದಿದ್ದ ಸಾಕ್ಷ್ಯವೆಲ್ಲ ನನಗೆ ವಿರುದ್ಧವಾಗಿತ್ತು. ಬುದ್ಧಿಯಿರುವ ಯಾವ ತೀರ್ಪುಗಾರನೂ ನನ್ನ ಪರ ತೀರ್ಪು ಕೊಡುತ್ತಿರಲಿಲ್ಲ. ಆ ಹೆಂಗಸು ತನ್ನ ಜೀವವನ್ನೂ ಹೊಟ್ಟೆಯ ಕೂಸನ್ನೂ ಮತ್ತೆ ನನ್ನ ಕೈಗೇ ಕೊಟ್ಟಳು. ದೇವರ ಕ್ಷಮೆಯ ಬಗ್ಗೆ ಕೃಪಮ್ಮ ಎಷ್ಟು ವಿವರಿಸಿದರೂ ನನಗೆ ಅರ್ಥವಾಗದಿದ್ದ ಯಾವುದೋ ಒಂದು ಆಗ ಎದೆಗೆ ಬಂದು ತಾಗಿತು.

"ಓಗ್ಲಾ," ಅಂದ ಅಣ್ಣ.

ಸೈಕಲ್ಲಿನ ಚಕ್ರದಲ್ಲಿ ಗಾಳಿ ಇರಲಿಲ್ಲ. ಎರಡು ಮೈಲಿಯನ್ನೂ ಓಡಿಕೊಂಡೇ ಹೋದೆ.